ಮಾದಣ್ಣ ಕೊಟ್ಟ ಒಂಬತ್ತು ದಿನ

ಆಗೆಲ್ಲ ನಮ್ಮೂರಲ್ಲಿ ಗಡಿಯಾರ ನೋಡುವವರು ಕಡಿಮೆ. ಹಾರೋಹಳ್ಳಿ ಕಡೆಯಿಂದ ಫ್ಯಾಕ್ಟರಿಯ ಸೈರನ್ನು ದಿನಕ್ಕೆ ಮೂರು ಸಲ ಕೂಗುತ್ತಿತ್ತು. ರೇಷ್ಮೆ ಹುಳಕ್ಕೆ ಸೊಪ್ಪು ಹಾಕುವ ಹೊತ್ತಾಯಿತೆಂದು ನಮ್ಮವ್ವ ನಾಲ್ಕು ಸಲ ಕೂಗುತ್ತಿದ್ದಳು. ಅಷ್ಟರಲ್ಲಿ ಊಟ, ಸ್ಕೂಲು, ಆಟ ಎಲ್ಲವೂ ನಡೆದುಹೋಗುತ್ತಿದ್ದವು. ಹುಳು ಸಾಕುವ ಮನೆಯಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಅಲ್ಲಿ ಮಕ್ಕಳದ್ದು ಎರಡನೇ ಸ್ಥಾನ. ಹುಳಕ್ಕೆ ಚಳಿಯಾದರೆ ಬಾಣಲಿಯಲ್ಲಿ ಕೆಂಡ ಇಡುತ್ತಿದ್ದರು. ನಮಗೆ ಚಳಿಯಾದರೆ, "ಹೋಗಿ ಬಿಸ್ಲಲ್ಲಿ ನಿಂತ್ಕೊಳೇ" ಅನ್ನುತ್ತಿದ್ದರು. ಹುಳಮನೆಗೆ ಕಾಲಿಡುವ ಮೊದಲು ಸುಣ್ಣದ ಪುಡಿ ತುಳಿಯಬೇಕು, ಔಷಧಿ ನೀರಲ್ಲಿ ಕೈ ಅದ್ದಬೇಕು. ಹಸಿ ಸೊಪ್ಪು, ಸುಣ್ಣ ಮತ್ತು ಆ ಔಷಧಿ ಸೇರಿದ ವಾಸನೆ ನನ್ನ ಮೂಗಿನಲ್ಲಿ ಎಷ್ಟು ಗಟ್ಟಿಯಾಗಿ ಕೂತಿದೆಯೆಂದರೆ, ಈಗಲೂ ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತರೆ ನನಗೆ ಮನೆ ನೆನಪಾಗಿ ಹಸಿವಾಗುತ್ತದೆ. ಉಳಿದವರು ಅಲ್ಲಿ ಅಳುತ್ತಿರುತ್ತಾರೆ, ನಾನು ಬಸ್ಸಾರಿನ ಬಗ್ಗೆ ಯೋಚಿಸುತ್ತಿರುತ್ತೇನೆ.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷ ಆಗಿತ್ತು. ನನಗೆ ಹನ್ನೊಂದು ವರ್ಷ. ಆ ಚಳಿಗಾಲದವರೆಗೆ ನಮ್ಮೂರಿಗೆ ಒಬ್ಬ ವೀರನಿದ್ದ. ಅವನೇ ಮಾದಣ್ಣ.

ಮಾದಣ್ಣ ನಮ್ಮ ಮನೆಯಿಂದ ನಾಲ್ಕನೇ ಮನೆಯವನು. ಇಪ್ಪತ್ತೈದರ ಆಸುಪಾಸು, ಕಬಡ್ಡಿಯಲ್ಲಿ ಹೆಸರಾದವನು. ಅವನ ಮನೆಯಲ್ಲೂ ಹುಳು ಸಾಕುತ್ತಿದ್ದರು. ಅವನು ವೀರನಾದ ದಿನ ನನಗೆ ಚೆನ್ನಾಗಿ ನೆನಪಿದೆ. ಊರ ಮುಂದಿನ ಗೋಮಾಳಕ್ಕೆ ಯಾವನೋ ಕಂಟ್ರಾಕ್ಟರನ ಕಡೆಯವರು ಕಲ್ಲುಕಂಬ ನೆಡಲು ಬಂದಿದ್ದರು. ನಿಂಗಜ್ಜಿಯ ಮೇಕೆಗಳು ಅಡ್ಡ ಬಂದವು. ಒಬ್ಬ ಮೇಕೆಗೆ ಒದ್ದ. ನಿಂಗಜ್ಜಿ ಅವನ ತಾಯಿಯನ್ನು ನೆನೆಸಿಕೊಂಡು ಬೈದಳು. ಅವನು ಅಜ್ಜಿಗೂ ಒದ್ದ. ಹೊಲದಿಂದ ಬರುತ್ತಿದ್ದ ಮಾದಣ್ಣ ಅದನ್ನು ಕಂಡು, ಅವರದೇ ಹಾರೆ ಕಿತ್ತುಕೊಂಡು ಮೂವರನ್ನು ಒಬ್ಬನೇ ಹೊಡೆದ. ಒಬ್ಬನ ಹೆಗಲು ಮುರಿದು ತೋಳು ಜೋತಾಡಿತು. ಇನ್ನೊಬ್ಬನ ತಲೆ ಬಿರಿದು ಹೊಸ ಕಲ್ಲುಕಂಬದ ಮೇಲೆ ರಕ್ತ ಇಳಿಯಿತು. ಮೂರನೆಯವನು ಓಡುವಾಗ ತಿರುಗಿ ಕಲ್ಲೆಸೆದು ಮಾದಣ್ಣನ ಹುಬ್ಬು ಸೀಳಿದ. ಊರೆಲ್ಲ ಕೆರೆ ಏರಿಯ ಮೇಲೆ ನಿಂತು ನೋಡಿತು, ಸಿಳ್ಳೆ ಹೊಡೆಯಿತು. ನಾನೂ ಹೊಡೆದೆ. ಆಗ ನನಗೆ ಹಲ್ಲೆಲ್ಲ ನೆಟ್ಟಗಿದ್ದವು, ಸಿಳ್ಳೆ ಚೆನ್ನಾಗಿ ಬರುತ್ತಿತ್ತು.

ಮರುದಿನ ಮಾದಣ್ಣ ಊರಲ್ಲಿರಲಿಲ್ಲ. "ನೆಂಟ್ರು ಮನೇಗೆ ಹೋಗವ್ನೆ" ಎಂದರು ದೊಡ್ಡವರು. ಯಾವ ನೆಂಟರೂ ಯಾರನ್ನೂ ಒಂದು ತಿಂಗಳು ಇಟ್ಟುಕೊಳ್ಳುವುದಿಲ್ಲ ಅಂತ ನಮಗೆ ಹೊಳೆಯಲಿಲ್ಲ.

ನಾವು ಆ ತಿಂಗಳೆಲ್ಲ ಬೇಲಿಯಾಟ ಆಡಿದೆವು. ನಾನು, ದೊಡ್ಡಪ್ಪನ ಮಗ ನಾಗ, ಮಾದಣ್ಣನ ಅಕ್ಕನ ಮಗ ರವಿ, ಇನ್ನು ನಾಲ್ಕೈದು ಮಕ್ಕಳು. ಕೆಲವರು ಕಂಬ ನೆಡುವವರು, ಒಬ್ಬರು ಮಾದಣ್ಣ. ಹಿಪ್ಪುನೇರಳೆಯ ಕಪ್ಪು ಹಣ್ಣು ಹಿಸುಕಿ ತಲೆಗೆ ಬಳಿದುಕೊಂಡರೆ ಅದೇ ರಕ್ತ. ಆಡುತ್ತಿದ್ದದ್ದು ನಮ್ಮ ತೋಟದ ಬದುವಿನಲ್ಲಾದ್ದರಿಂದ ಮಾದಣ್ಣ ಯಾವಾಗಲೂ ನಾನೇ. ಯಾರಾದರೂ ತಕರಾರು ತೆಗೆದರೆ, "ನಮ್ ತಾತನ್ಗೆ ಹೇಳ್ತೀನಿ" ಅನ್ನುತ್ತಿದ್ದೆ. ಧೀರತನದ ಪಾತ್ರವನ್ನು ಹೀಗೆ ಚಾಡಿಯ ಬಲದಲ್ಲಿ ಗಿಟ್ಟಿಸಿಕೊಂಡವಳು ನಾನು. ಮಾದಣ್ಣನ ಸ್ವಂತ ಸೋದರಳಿಯನಾದ ರವಿ ಮಾತು ಕಡಿಮೆಯ ಹುಡುಗ. ಅವನಿಗೆ ನಿಂಗಜ್ಜಿಯ ಪಾತ್ರ ಕೊಟ್ಟಿದ್ದೆವು.

ಮಾದಣ್ಣ ತಿರುಗಿ ಬಂದದ್ದು ಬಿಳೀ ಜೀಪಿನಲ್ಲಿ. ಹುಬ್ಬಿನ ಮೇಲೆ ಗಾಯದ ಗೆರೆ, ಕಣ್ಣಿಗೆ ಕಪ್ಪು ಕನ್ನಡಕ. ಜೀಪು ಅದೇ ಕಂಟ್ರಾಕ್ಟರನದು. ಆಮೇಲೆ ಕಂಬ ನೆಡುವ ಕೂಲಿಯವರ ಮೇಲೆ ಅವನೇ ಮೇಸ್ತ್ರಿಯಾಗಿ ನಿಂತ. ಊರಿನ ದೊಡ್ಡವರು ಅವನ ಮುಂದೆ, "ಬಾರಪ್ಪ ಮಾದಪ್ಪ" ಅಂದು ಹಿಂದೆ ಉಗಿದರು. ನಾನು ಮಾತ್ರ ಬಿಟ್ಟುಕೊಡಲಿಲ್ಲ. "ಅವ್ನು ಸುಮ್ನೆ ಸೇರ್ಕೊಂಡವ್ನೆ ಕಣ್ರೋ. ಒಳಗಿದ್ದು ಗುಟ್ಟೆಲ್ಲ ತಿಳ್ಕೊಂಡು ಆಮೇಲೆ ಹಾರೆ ತಗೀತಾನೆ" ಎಂದು ಸ್ಕೂಲಿನ ಜಗಲಿಯಲ್ಲಿ ಭಾಷಣ ಮಾಡಿದೆ. ನಾಗ ನಂಬಿದ. ರವಿ ನೆಲ ನೋಡುತ್ತಾ ಕಡಲೆಪುರಿ ತಿಂದ.

ಆ ಸಲ ಹೊಸ ಫ್ಯಾಕ್ಟರಿಗಳಿಗೆ ಹೋದ ಜಮೀನಿನಲ್ಲಿ ನಮ್ಮ ಸೊಪ್ಪಿನ ತೋಟವೂ ಇತ್ತು. ಅದರ ಬಗ್ಗೆ ಜಗಳವಿರಲಿಲ್ಲ. ತಾತ ಸಹಿ ಹಾಕಿಯಾಗಿತ್ತು. ತಕರಾರಿದ್ದದ್ದು ಕಡೆಯ ಬೆಳೆಯದು. ಹುಳಮನೆಯಲ್ಲಿ ತಟ್ಟೆಗಳ ತುಂಬ ಹುಳು ನಾಲ್ಕನೇ ಜ್ವರಕ್ಕೆ ಕೂತಿದ್ದವು. ಹುಳು ಪೊರೆ ಬಿಡಲು ತಿನ್ನದೆ ತಲೆಯೆತ್ತಿ ಮಲಗುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಮೇಲೆ ಅದು ಎಂಟು ದಿನ ರಾಕ್ಷಸನ ಹಾಗೆ ತಿಂದು, ಮೈ ಮಾಗಿ ಹಣ್ಣಾಗಿ, ಗೂಡು ಕಟ್ಟುತ್ತದೆ. ಆ ಎಂಟು ದಿನ ಸೊಪ್ಪು ತಪ್ಪಿದರೆ ತಿಂಗಳ ಸಾಕಣೆಯೆಲ್ಲ ತಿಪ್ಪೆಗೆ. ತೋಟ ಕೀಳಲು ಕಂಟ್ರಾಕ್ಟರನ ಯಂತ್ರ ಯಾವತ್ತು ಬರುತ್ತದೋ ಯಾರಿಗೂ ಗೊತ್ತಿರಲಿಲ್ಲ.

ಹೊಂಗನೂರಿನ ಅತ್ತೆ ಮಗನ ಕೈಲಿ ಟೆಂಪೋ ಕಳಿಸಿ, "ಜ್ವರಕ್ಕೆ ಕೂತಿರಾಗ್ಲೇ ತಟ್ಟೆನೆಲ್ಲ ಇಲ್ಲಿಗೆ ತಂದ್ಬುಡಿ. ನಮ್ಮಲ್ಲಿ ಸೊಪ್ಪು ಮಿಕ್ಕೈತೆ" ಎಂದು ಹೇಳಿಕಳಿಸಿದ್ದಳು. ಎದ್ದ ಮೇಲೆ ಸಾಗಿಸಿದರೆ ಹುಳು ನಲುಗುತ್ತದೆ. ತೀರ್ಮಾನ ಆ ಒಂದು ದಿನದಲ್ಲೇ ಆಗಬೇಕಿತ್ತು. ತಾತ ಜಗಲಿಯ ಮೇಲೆ ಕೂತು ಎಲೆ ಅಡಿಕೆ ಜಗಿಯುತ್ತಾ ಜಗಿಯುತ್ತಾ ಟೆಂಪೋವನ್ನೇ ನೋಡುತ್ತಿದ್ದ.

ನಾನು ಯಾರಿಗೂ ಹೇಳದೆ ಕ್ರಾಸಿನ ಟೀ ಹೋಟೆಲಿಗೆ ಓಡಿದೆ. ಮಾದಣ್ಣ ಬೆಂಚಿನ ಮೇಲೆ ಕೂತು ಬನ್ನನ್ನು ಟೀಗೆ ಅದ್ದುತ್ತಿದ್ದ.

"ಏನವ್ವ ಭಾಗ್ಯ, ಸ್ಕೂಲಿಲ್ವಾ?"

"ಭಾನ್ವಾರ ಕಣಣ್ಣ."

"ಓ, ಹೌದಲ್ವಾ. ಹುಳ ಎಷ್ಟ್ರಲ್ಲೈತೆ?"

"ನಾಕ್ನೇ ಜ್ವರಕ್ಕೆ ಕೂತೈತೆ. ನಾಳೆ ಏಳ್ತದೆ. ಎಂಟು ದಿವ್ಸ ಸೊಪ್ಪು ಬೇಕು. ನಿಮ್ ಮಿಸನ್ನು ಎಂಟು ದಿವ್ಸ ತಡೀತದಾ?"

"ತಾತ ಕಳ್ಸುದ್ನಾ?"

"ಇಲ್ಲ. ನಾನೇ ಬಂದೆ."

ಅವನು ನಕ್ಕ. ಬನ್ನು ಕೆಳಗಿಟ್ಟು, ಬೆರಳ ಗೆಣ್ಣಿನ ಮೇಲೆ ಹೆಬ್ಬೆರಳಾಡಿಸಿ, ಹುಳು ಸಾಕುವ ಮನೆಯ ಗಂಡಸರೆಲ್ಲ ಎಣಿಸುವ ಹಾಗೆ ಎಣಿಸಿದ. "ಎಂಟಾಗಕಿಲ್ಲ. ಚಳಿ ಐತಲ್ಲ, ಒಂದಿನ ಹಿಂದಾಯ್ತದೆ. ಒಂಬತ್ತು ಅಂತ ಹೇಳು ತಾತನ್ಗೆ. ಒಂಬತ್ತು ದಿವ್ಸ ಯಾವನೂ ಆ ಕಡೆ ತಲೆ ಹಾಕಕಿಲ್ಲ. ಆಯ್ತು ಹೋಗವ್ವ, ನಾನಿಲ್ವಾ?"

ಒಂದು ಬನ್ನು ಕಟ್ಟಿಸಿಕೊಟ್ಟ. ನಾನು ಅದನ್ನು ತಿನ್ನದೆ ಮನೆಯವರೆಗೂ ಧ್ವಜದ ಹಾಗೆ ಹಿಡಿದುಕೊಂಡು ಓಡಿದೆ.

"ಅವ್ನೇ ಅಂದ್ನಾ, ಒಂಬತ್ತು ಅಂತ?" ತಾತ ಕೇಳಿದ.

"ಹೂಂ ತಾತ. ಚಳಿ ಐತೆ, ಒಂದಿನ ಹಿಂದಾಯ್ತದೆ ಅಂದ."

ತಾತ ಎಲೆ ಉಗಿದು ಎದ್ದ. "ಹುಳ ಬಲ್ಲೋನ ಮಾತು ಕಣಪ್ಪ ಇದು. ಎಂಟು ಅಂದಿದ್ರೆ ನಂಬ್ತಿರ್ಲಿಲ್ಲ" ಎಂದ. ಅಪ್ಪ ಗೊಣಗಿದರೂ ಎದುರಾಡಲಿಲ್ಲ. ಟೆಂಪೋ ಬರಿದೇ ವಾಪಸು ಹೋಯಿತು. ಬೇರೆ ಯಾರೂ ಹೀಗೆ ಮೋಸ ಹೋಗಲಾರರು. ಚಳಿಯ ಲೆಕ್ಕ ಗೊತ್ತಿದ್ದವನು ಸುಳ್ಳು ಹೇಳಲಾರ ಎಂದು ನಂಬುವುದು ನಮ್ಮಂಥ ರೇಷ್ಮೆಯವರಿಗೇ ಸಾಧ್ಯ.

ಹುಳು ಎದ್ದವು. ತಿನ್ನತೊಡಗಿದವು. ಹೊಸ ಸೀರೆಯ ಮಡಿಕೆ ಬಿಚ್ಚಿದಂಥ ಸದ್ದು ಹುಳಮನೆಯ ತುಂಬ. ಬನ್ನನ್ನು ನಾಗನಿಗೂ ರವಿಗೂ ಹಂಚಿ, "ನಾನು ಹೇಳಿರ್ಲಿಲ್ವಾ?" ಎಂದು ಮೂರು ದಿನ ಬೀಗಿದೆ.

ನಾಲ್ಕನೇ ದಿನ ಬೆಳಿಗ್ಗೆ ತಾತ, ಅಪ್ಪ, ನಾನು ಸೊಪ್ಪು ಕೊಯ್ಯುತ್ತಿದ್ದಾಗ ಜೆಸಿಬಿ ಬಂತು. ಹಿಂದೆ ಬಿಳೀ ಜೀಪು. ಮಾದಣ್ಣ ನಾಲ್ಕು ಜನರ ಜೊತೆ ಮುಂದೆ ನಡೆದು ಬಂದ, ಕೈಯಲ್ಲಿ ಹಾರೆ. ಕನ್ನಡಕ ಹಾಕಿರಲಿಲ್ಲ. ನನಗೆ ಖುಷಿಯಾಯಿತು. ನಾನು ಹೇಳಿದ ಹಾಗೇ ಹಾರೆ ತೆಗೆದಿದ್ದಾನೆ, ಇನ್ನೇನು ತಿರುಗಿ ಯಂತ್ರದವನಿಗೆ ಬಾರಿಸುತ್ತಾನೆ ಅಂದುಕೊಂಡೆ. ಇಂಥ ತಲೆ ನನ್ನದು.

"ಲೇ ಮಾದ, ಇನ್ನೂ ಐದು ದಿವ್ಸ ಐತಲ್ಲೋ" ಎಂದ ತಾತ.

"ಪಕ್ಕುಕ್ ಬಾ ತಾತ. ನನ್ ಕೈಲೇನಿಲ್ಲ."

"ನಿನ್ ಕೈಲಿಲ್ದಿದ್ರೆ ಒಂಬತ್ತು ಅಂತ ಯಾಕ್ಲಾ ಅಂದೆ? ಹುಳ ಹಸ್ಕೊಂಡವೆ. ನಿಮ್ಮವ್ವನೂ ಇದೇ ಹುಳ ಸಾಕಿ ನಿನ್ಗೆ ಮುದ್ದೆ ಇಕ್ಕುದ್ಲು."

ಮಾದಣ್ಣ ತಿರುಗಿ ಜೀಪಿನ ಕಡೆ ನೋಡಿದ. ಒಳಗೆ ಕೂತಿದ್ದ ಕಂಟ್ರಾಕ್ಟರ್ ಕಡಲೆಕಾಯಿ ಸುಲಿಯುತ್ತಿದ್ದ. ಸಿಪ್ಪೆಯನ್ನು ಕಿಟಕಿಯಿಂದ ಉದುರಿಸಿ, "ಏನ್ ಮಾದಪ್ಪ, ನೆಂಟ್ರಾ? ಕಾಫಿ ಕುಡ್ಕೊಂಡು ಬತ್ತೀಯಾ?" ಎಂದ. ಯಾರೋ ನಕ್ಕರು. ಮಾದಣ್ಣ ಬಾಯಿ ಒರೆಸಿಕೊಂಡು ಒಂದು ಗಳಿಗೆ ಸುಮ್ಮನೆ ನಿಂತ. ನಾಲ್ಕು ಉಸಿರು ಎಳೆದುಕೊಳ್ಳುವಷ್ಟು ಹೊತ್ತು. ನನ್ನ ಬದುಕಿನಲ್ಲಿ ನಾನು ಅತಿ ಹೆಚ್ಚು ಸಲ ತಿದ್ದಿ ಬರೆದಿರುವುದು ಆ ಗಳಿಗೆಯನ್ನು.

ಆಮೇಲೆ ಅವನು ಕೈ ಬೀಸಿದ. ಯಂತ್ರ ಮೊದಲ ಸಾಲಿನ ಗಿಡಗಳನ್ನು ಬೇರುಸಮೇತ ಎತ್ತಿತು. ತಾತ ಸೊಪ್ಪಿನ ಹೊರೆಯನ್ನು ತಬ್ಬಿಕೊಂಡು ಹೋಗಿ ಯಂತ್ರದ ಬಕೆಟ್ಟಿನ ಮುಂದೆ ಕೂತ. ಮಾದಣ್ಣ ರಟ್ಟೆ ಹಿಡಿದು ಎಳೆದ. ತಾತ ಎದ್ದವನೇ ಎಲ್ಲರ ಮುಂದೆ ಅವನ ಕೆನ್ನೆಗೆ ಹೊಡೆದ. ಜೀಪಿನಲ್ಲಿ ಮತ್ತೆ ನಗು. ಹಾರೆ ಮೇಲೆದ್ದದ್ದನ್ನು ನೋಡಿದೆ. ಅದು ತಾತನ ಬಲಗೈ ಮಣಿಕಟ್ಟಿನ ಮೇಲೆ ಬಿತ್ತು. ಒಣಗಿದ ಸೊಪ್ಪಿನ ಕಡ್ಡಿ ಮುರಿದ ಸದ್ದು. ಕೈ ಇರಬಾರದ ಕಡೆಗೆ ತಿರುಗಿಕೊಂಡು ನೇತಾಡಿತು. ಅಪ್ಪ ಕುಡುಗೋಲು ಹಿಡಿದು ನುಗ್ಗಿ ಮಾದಣ್ಣನ ಹೆಗಲನ್ನು ಕಚಕ್ಕನೆ ಕೊಯ್ದ. ಇಬ್ಬರು ಸಲಿಕೆಯ ಕಾವಿನಿಂದ ಅಪ್ಪನ ತಲೆಗೂ ಬೆನ್ನಿಗೂ ಬಡಿದರು. ಅಪ್ಪ ಬಿದ್ದ ಮೇಲೂ ಬಡಿದರು. ಕಿವಿ ಹರಿದು ಕತ್ತಿನ ಮೇಲೆ ಜೋತಿತ್ತು. ನಾನು ಹೋಗಿ ಮಾದಣ್ಣನ ಮುಂಗೈ ಕಚ್ಚಿದೆ, ಚರ್ಮ ಕಿತ್ತು ಬರುವಷ್ಟು ಕಚ್ಚಿದೆ. ಅವನು ತೋಳು ಝಾಡಿಸಿದ. ಬದುವಿನ ಕಲ್ಲು ನನ್ನ ಬಾಯಿಗೆ ಬಂದು ಬಡಿಯಿತು. ಮುಂದಿನ ಎರಡು ಹಲ್ಲು ಅಂಗೈಗೆ ಬಿದ್ದವು. ಬಾಯಿ ತುಂಬ ಬಿಸಿಯಾಗಿ, ಉಪ್ಪುಪ್ಪಾಗಿ, ತುಕ್ಕು ಹಿಡಿದ ಕಬ್ಬಿಣ ನೆಕ್ಕಿದ ರುಚಿ.

ಊರು ಕೆರೆ ಏರಿಯ ಮೇಲೆ ನಿಂತಿತ್ತು. ಆವತ್ತು ಯಾರೂ ಸಿಳ್ಳೆ ಹೊಡೆಯಲಿಲ್ಲ.

ಮಧ್ಯಾಹ್ನದೊಳಗೆ ತೋಟ ಕೆಂಪು ಮಣ್ಣಾಯಿತು. ಸಾಯಂಕಾಲ ಅಕ್ಕಪಕ್ಕದ ಹೆಂಗಸರು ಸೆರಗಿನಲ್ಲಿ ಮುಚ್ಚಿಕೊಂಡು ಒಂದೊಂದು ಬುಟ್ಟಿ ಸೊಪ್ಪು ತಂದುಕೊಟ್ಟರು. ಅವರ ಮನೆಯಲ್ಲೂ ಹುಳು ಇದ್ದವಲ್ಲ, ಎಷ್ಟು ಕೊಟ್ಟಾರು? ಎರಡು ದಿನಕ್ಕೆ ಅದು ಮುಗಿಯಿತು. ಹೊಂಗನೂರಿನ ಅತ್ತೆ ಅಷ್ಟರಲ್ಲಿ ಮಿಕ್ಕ ಸೊಪ್ಪನ್ನು ಮಾರಿಬಿಟ್ಟಿದ್ದಳು. ಹುಳಮನೆಯ ಸದ್ದು ನಿಂತಿತು. ತಟ್ಟೆ ತಟ್ಟೆಯಲ್ಲೂ ಸಾವಿರಾರು ಹುಳು ತಲೆ ಎತ್ತಿ ಅತ್ತಿತ್ತ ಹುಡುಕುತ್ತಿದ್ದವು. ಅವ್ವ ಒಳಗೆ ಹೋಗಲಾರದೆ ಬಾಗಿಲಲ್ಲೇ ಕೂತಿದ್ದಳು. ಕೆಲವು ಗಾಳಿಗೂ ಹಾರುವಂಥ ತೆಳು ಗೂಡು ಕಟ್ಟಿದವು. ಉಳಿದವು ಕಪ್ಪಾಗಿ ಕೊಳೆತು ನಾರಿದವು. ಕೈಗೆ ಬಿದಿರಿನ ದಬ್ಬೆ ಕಟ್ಟಿಸಿಕೊಂಡಿದ್ದ ತಾತ ಎಡಗೈಯಲ್ಲೇ ಗುಂಡಿ ತೋಡಿ ಎಲ್ಲವನ್ನೂ ಮುಚ್ಚಿದ. ಯಾರೂ ನನ್ನನ್ನು ಬೈಯಲಿಲ್ಲ. ಒಂದು ಸಲ ಬೈದಿದ್ದರೆ ನನ್ನ ಮುಂದಿನ ಇಪ್ಪತ್ತು ವರ್ಷ ಒಸಿ ಹಗುರವಾಗುತ್ತಿತ್ತೋ ಏನೋ.

ವಾರ ಕಳೆದ ಮೇಲೆ ಮಕ್ಕಳೆಲ್ಲ ಸ್ಕೂಲಿನ ಹಿಂದೆ ಸೇರಿದೆವು. ನಾಗ, "ಇವತ್ತು ಜೆಸಿಬಿ ಆಟ. ರವಿ ಮಾದ" ಎಂದ. ಅಣ್ಣ ಅನ್ನಲಿಲ್ಲ. ಆಟದ ಹೆಸರಿನಲ್ಲಿ ಎಲ್ಲರೂ ಸೇರಿ ರವಿಯನ್ನು ಸೊಪ್ಪಿನ ಕಡ್ಡಿಯಲ್ಲಿ ಬಾರಿಸಿದರು. ಅವನು ಅಳಲಿಲ್ಲ, ತಡೆಯಲಿಲ್ಲ. ಅವನ ತುಟಿ ಒಡೆಯಿತು. ಅದನ್ನು ಕಂಡು ನನ್ನ ಹಲ್ಲಿಲ್ಲದ ವಸಡು ಜುಮ್ಮೆಂದಿತು.

"ನಿಲ್ಸ್ರೋ! ಬೇರೆ ಥರ ಆಡಣ. ಮಾದಣ್ಣ ಒಳ್ಳೇವ್ನಾಗೇ ಇದ್ದ ಅಂದ್ಕೊಳ್ಳಣ. ನಾನು ಮಾದಣ್ಣ" ಎಂದೆ.

"ಒಳ್ಳೇವ್ನಾದ್ರೆ ಏನ್ ಮಾಡ್ತಾನೆ?" ನಾಗ ಕೇಳಿದ.

"ಮಿಸನ್ನು ನಿಲ್ಸಿ, ಒಂಬತ್ತು ದಿವ್ಸ ಆದ್ಮೇಲೆ ಬನ್ನಿ ಅಂತಾನೆ."

"ಅನ್ನು ಮತ್ತೆ."

ನಾನು ಕೈ ಅಡ್ಡ ಚಾಚಿ ಅಂದೆ. ಎಲ್ಲರೂ ನಾಗನ ಕಡೆ ನೋಡಿದರು, ಅವನು ಕಂಟ್ರಾಕ್ಟರ್. ನಾಗ ಸ್ವಲ್ಪ ಯೋಚಿಸಿದ. ನ್ಯಾಯವಾಗಿಯೇ ಯೋಚಿಸಿದ ಅನ್ನಬೇಕು. "ನಾನ್ಯಾಕೆ ಸುಮ್ನೆ ಹೋಗ್ಲಿ? ನನ್ ಜೀಪಲ್ಲಿ ಓಡಾಡ್ಕೊಂಡು ನನ್ಗೇ ಎದುರು ಮಾತಾಡ್ತೀಯಾ? ಹೊಡೀರ್ಲಾ ಇವ್ನಿಗೆ!"

ಹೊಡೆದರು. ಮೊದಲೆರಡು ಏಟು ಆಟದ್ದು, ಆಮೇಲಿನವು ಆಟದವಲ್ಲ. ಕಡ್ಡಿ ಬೆನ್ನಿನ ಮೇಲೆ ಸುಯ್ಯೆಂದು ಬಾಸುಂಡೆ ಎಬ್ಬಿಸುತ್ತಿತ್ತು. ನಾನು ಕೆಳಗೆ ಬಿದ್ದು, "ಇದು ಮೋಸ! ನಾನು ಒಳ್ಳೇವ್ನು!" ಎಂದು ಕಿರುಚಿದೆ. ಯಾರೋ ಮಂಡಿಯಿಂದ ಬೆನ್ನು ಒತ್ತಿ ಹಿಡಿದಿದ್ದರು.

ಗೋಡೆಗೊರಗಿ ತುಟಿ ಒತ್ತಿಕೊಂಡಿದ್ದ ರವಿ ಆಗ ಮಾತಾಡಿದ. ಅವನು ಅಷ್ಟು ಮಾತಾಡಿದ್ದನ್ನು ನಾನು ಮೊದಲು ಕೇಳಿರಲಿಲ್ಲ.

"ಹಿಂಗೇ ಕಣ್ರೋ ಆಗಿದ್ದು. ನಮ್ ಮಾವ ಜೈಲಲ್ಲಿದ್ದ. ನಿಂಗಜ್ಜಿಗೋಸ್ಕರ ಹೊಡ್ದು ಒಂದು ತಿಂಗ್ಳು ಜೈಲಲ್ಲಿದ್ದ. ಅಲ್ಲೂ ಹೊಡುದ್ರು. ನಮ್ಮಜ್ಜಿ ಊರಲ್ಲಿ ಮನೆಮನೆ ಬಾಗ್ಲಿಗೂ ಹೋದ್ಲು, ಜಾಮೀನಿಗೆ ಒಂದು ಸಹಿ ಹಾಕಿ ಅಂತ. ನಿಮ್ ಮನೇಗೂ ಬಂದಿದ್ಲು ಭಾಗ್ಯ. ನಿಮ್ಮಪ್ಪ, ಕೋರ್ಟು ಕಛೇರಿ ನಮ್ಗ್ಯಾಕವ್ವ ಅಂದ. ಕೊನೇಗೆ ಬಿಡುಸ್ದೋನು ಆ ಜೀಪ್ನೋನೇ."

ನನ್ನ ಬೆನ್ನ ಮೇಲಿದ್ದ ಮಂಡಿ ಮೆಲ್ಲಗೆ ಎದ್ದಿತು.

ನಾಗನೇ ಕೊನೆಗೆ, "ಹಂಗಾದ್ರೆ ಇನ್ನೊಂದ್ಸಲ ಆಡಣ. ಮಾದಣ್ಣಂಗೆ ಹೊಡ್ಯಕ್ ಬಂದಾಗ ಏರಿ ಮೇಲಿರೋರೆಲ್ಲ ಕೆಳುಗ್ ಇಳೀಬೇಕು" ಎಂದ. ಸರಿ ಅಂದೆವು. ಯಾರು ಏರಿ ಮೇಲಿನವರು, ಯಾರು ಕಂಟ್ರಾಕ್ಟರ್ ಕಡೆಯವರು ಎಂದು ಹಂಚಿಕೊಳ್ಳಲು ಹೋದರೆ, ಹೇಗೆ ಆಡುವುದೆಂದೇ ತಿಳಿಯಲಿಲ್ಲ. ಏರಿಯಿಂದ ಜನ ಇಳಿದು ಬಂದದ್ದನ್ನು ನಮ್ಮಲ್ಲಿ ಯಾರೂ ಕಂಡಿರಲಿಲ್ಲ. ಕಾಣದ್ದನ್ನು ಮಕ್ಕಳು ಆಡುವುದಾದರೂ ಹೇಗೆ? ಸೈರನ್ನು ಕೂಗಿತು, ಒಬ್ಬೊಬ್ಬರೇ ಎದ್ದು ಮನೆಗೆ ಹೋದೆವು. ಆಮೇಲೆ ಆ ಆಟವನ್ನು ಯಾರೂ ಆಡಲಿಲ್ಲ.

ಮೂರು ವರ್ಷದ ಮೇಲೆ ಮಾದಣ್ಣನನ್ನು ಮೇನ್ ರೋಡಿನ ಡಾಬಾದ ಮುಂದೆ ಹಾಡಹಗಲೇ ಮಚ್ಚಿನಿಂದ ಕೊಚ್ಚಿದರು. ಕೊಚ್ಚಿದವರು ಅದೇ ಕಂಟ್ರಾಕ್ಟರನ ಹೊಸ ಹುಡುಗರು. ಕೈ ಅಡ್ಡ ಹಿಡಿದಿದ್ದನಂತೆ, ಬೆರಳುಗಳು ಬೇರೆಯಾಗಿ ಬಿದ್ದಿದ್ದವಂತೆ. ಮಣ್ಣಿಗೆ ಇಡೀ ಊರು ಹೋಗಿತ್ತು. ತಾತನೂ ಹೊರಟಾಗ ಅಪ್ಪ ಬೇಡವೆಂದ. ತಾತ ಕೇಳಲಿಲ್ಲ. ಅವನ ಬಲಗೈ ಸೊಟ್ಟಗೆ ಕೂಡಿಕೊಂಡಿತ್ತು, ಬೆರಳು ಮಡಚುತ್ತಿರಲಿಲ್ಲ. ಎಡಗೈಯಲ್ಲಿ ಮೂರು ಹಿಡಿ ಮಣ್ಣು ಹಾಕಿ, "ಒಂಬತ್ತು ಅಂದೋನೂ ನೀನೇಯ ಕಣ್ಲಾ" ಎಂದ. ಅಷ್ಟೇ. ರವಿಯ ಅವ್ವ ಮಗನನ್ನು ಕರೆದುಕೊಂಡು ಊರು ಬಿಟ್ಟಳು. ಅವನು ಎಲ್ಲಿದ್ದಾನೋ ನನಗೆ ಗೊತ್ತಿಲ್ಲ.

ಈಗ ಕನಕಪುರದಿಂದ ಊರಿಗೆ ಹೋಗುವಾಗ ಬಸ್ಸು ಆ ತೋಟವಿದ್ದ ಕಡೆಯೇ ಹಾಯುತ್ತದೆ. ಉದ್ದನೆಯ ಕಾಂಪೌಂಡು, ತಗಡಿನ ಷೆಡ್ಡು, ಶಿಫ್ಟು ಬಿಡುವ ಹೊತ್ತಿಗೆ ನೀಲಿ ಸಮವಸ್ತ್ರದ ಹೆಂಗಸರು. ಅವರಲ್ಲಿ ನಮ್ಮೂರ ಹುಡುಗಿಯರೂ ಇದ್ದಾರೆ, ನಗುತ್ತಲೇ ಬರುತ್ತಾರೆ. ಊರಲ್ಲಿ ಹುಳು ಸಾಕುವವರು ಯಾರೂ ಉಳಿದಿಲ್ಲ. ಚಳಿಗೆ ಒಂದು ದಿನ ಹಿಂದಾಗುವ ಲೆಕ್ಕ ಯಾರಿಗೂ ಬೇಡ.

ನಾನು ಮಾತ್ರ ಕಿಟಕಿ ಪಕ್ಕ ಕೂತು ಕಥೆ ತಿದ್ದುತ್ತೇನೆ. ಮಾದಣ್ಣ ಒಳ್ಳೆಯವನಾಗಿಯೇ ಉಳಿದಿದ್ದರೆ? ಮೊದಮೊದಲು ನನ್ನ ಕಥೆಯಲ್ಲಿ ತೋಟ ಉಳಿಯುತ್ತಿತ್ತು, ಫ್ಯಾಕ್ಟರಿಯೇ ಬರುತ್ತಿರಲಿಲ್ಲ. ವಯಸ್ಸಾದಂತೆ ಆಸೆ ಸಣ್ಣದಾಗಿದೆ. ಹತ್ತನೇ ದಿನ ಯಂತ್ರ ಬರುತ್ತಿತ್ತು, ನಾವೇ ದಾರಿ ಬಿಡುತ್ತಿದ್ದೆವು. ಅವನು ಬಹುಶಃ ಅದಕ್ಕಾಗಿ ಏಟು ತಿಂದು ಮತ್ತೆ ಜೈಲು ಸೇರುತ್ತಿದ್ದ, ಅಪ್ಪ ಈ ಸಲವಾದರೂ ಹೋಗಿ ಜಾಮೀನಿಗೆ ಸಹಿ ಹಾಕುತ್ತಿದ್ದ. ಹುಳು ಹಣ್ಣಾಗಿ ಗೂಡು ಕಟ್ಟುತ್ತಿದ್ದವು. ತಾತ ಕಡೆಯ ತನಕ ತನ್ನ ಬಲಗೈಯಲ್ಲೇ ಮುದ್ದೆ ಮುರಿಯುತ್ತಿದ್ದ. ಇನ್ನು ನನ್ನ ವಿಷಯ. ನಾನು ಗ್ಯಾಸ್ ಆರಿಸಿದ ಮೇಲೂ ಅದರ ತಿರುಪನ್ನು ಮೂರು ಸಲ ಮುಟ್ಟಿ ನೋಡುವವಳು. ಗಂಡ ಫೋನಿನಲ್ಲಿ ಬಸ್ಸು ಹತ್ತಿದೆ ಎಂದರೆ, ಕಂಡಕ್ಟರನ ದನಿ ಕೇಳಿಸು ಅನ್ನುವವಳು. ಆಸ್ಪತ್ರೆಯಲ್ಲಿ ಡಾಕ್ಟರು ಏನೂ ತೊಂದರೆಯಿಲ್ಲ ಎಂದರೆ ಬರೆದುಕೊಡಿ ಎಂದು ಕೂರುವವಳು. ಮಾದಣ್ಣ ಆ ನಾಲ್ಕು ಉಸಿರಿನ ಕೊನೆಗೆ ಕೈ ಬೀಸದೆ ಇದ್ದಿದ್ದರೆ, ಯಾರಾದರೂ "ಆಯ್ತು ಹೋಗವ್ವ, ನಾನಿಲ್ವಾ?" ಅಂದಾಗ, ನಾನು ನಂಬಿ ಮನೆಗೆ ಹೋಗುತ್ತಿದ್ದೆ.